ತೋಟದ ಮನೆಯ ಮಕ್ಕಳು ಮತ್ತು ಫೋನು: ಎಷ್ಟು ಹೊತ್ತು, ಯಾವ ಬೀಗ, ಯಾರ ನೆರವು?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಹೆಚ್ಚಿನವು ಒಂಟಿ ಮನೆಗಳು. ತೋಟದ ಮೇಲೆ ಒಂದು ಮನೆ, ಹಳ್ಳ ದಾಟಿದರೆ ಇನ್ನೊಂದು. ಶಾಲೆಯ ವ್ಯಾನು ಇಳಿಸಿಹೋದ ಮೇಲೆ ಮಗುವಿಗೆ ಆಟಕ್ಕೆ ಜೊತೆ ಸಿಗುವುದಿಲ್ಲ. ಮಳೆಗಾಲದಲ್ಲಂತೂ ಅಂಗಳಕ್ಕೆ ಇಳಿಯುವುದೇ ಕಷ್ಟ. ಅಂಥ ಮನೆಯಲ್ಲಿ ಫೋನೇ ಜೊತೆಗಾರ ಆಗಿಬಿಡುತ್ತದೆ. 2020ರ ಕೊರೊನಾ ಕಾಲದಲ್ಲಿ ಗುಡ್ಡ ಹತ್ತಿ, ಮರ ಹತ್ತಿ ನೆಟ್‌ವರ್ಕ್ ಹುಡುಕಿ ಪಾಠ ಕೇಳಿದ ಮಕ್ಕಳ ಸೀಮೆ ಇದು. ಈಗ ಎಷ್ಟೋ ತೋಟದ ಮನೆಗೆ ಫೈಬರ್ ಲೈನ್ ಬಂದಿದೆ, ಜಗಲಿಯಲ್ಲಿ ವೈಫೈ ಇದೆ. ಪಾಠಕ್ಕೆಂದು ಕೈಗೆ ಬಂದ ಫೋನು ಪಾಠ ಮುಗಿದ ಮೇಲೂ ಕೈ ಬಿಡಲಿಲ್ಲ.

ಆದ್ದರಿಂದ ಬೀಗದ ವಿಷಯಕ್ಕೆ ಮೊದಲು ಒಂದು ಮಾತು. ಫೋನು ತೆಗೆದಿಟ್ಟ ಆ ಹೊತ್ತಿನಲ್ಲಿ ಮಗುವಿಗೆ ಏನು ಸಿಗುತ್ತದೆ ಎಂದು ಯೋಚಿಸದೆ ಹಾಕಿದ ಯಾವ ಬೀಗವೂ ಹೆಚ್ಚು ದಿನ ನಿಲ್ಲುವುದಿಲ್ಲ.

ಮಕ್ಕಳಿಗೆ ಫೋನು ಬಿಡಲು ಯಾಕೆ ಆಗುವುದಿಲ್ಲ? ಹಟ ಅಥವಾ ಸೋಮಾರಿತನ ಎಂದು ನಾವು ಬೈಯುತ್ತೇವೆ. ಆದರೆ ಆ್ಯಪ್‌ಗಳನ್ನು ಕಟ್ಟಿರುವುದೇ ಹಾಗೆ. ಒಂದು ವಿಡಿಯೋ ಮುಗಿಯುತ್ತಿದ್ದಂತೆ ಇನ್ನೊಂದು ತಾನಾಗಿಯೇ ಶುರುವಾಗುತ್ತದೆ; ಇದಕ್ಕೆ ಆಟೋಪ್ಲೇ ಎನ್ನುತ್ತಾರೆ. ರೀಲ್ಸ್‌ಗೆ ಕೊನೆಯ ಪುಟವೇ ಇಲ್ಲ, ಹೆಬ್ಬೆರಳು ಮೇಲೆ ಸರಿಸಿದಷ್ಟೂ ಬರುತ್ತದೆ. ಯಾವ ವಿಡಿಯೋದ ಮೇಲೆ ಮಗು ಎಷ್ಟು ಸೆಕೆಂಡು ನಿಂತಿತು ಎಂಬುದನ್ನು ಆ್ಯಪ್ ಗಮನಿಸಿಕೊಂಡು ಅಂಥದ್ದನ್ನೇ ಮತ್ತೆ ಬಡಿಸುತ್ತದೆ. ದೊಡ್ಡವರಿಗೇ ಇದರಿಂದ ಏಳಲು ಆಗುವುದಿಲ್ಲ. ಹತ್ತು ವರ್ಷದ ಮಗು ಒಬ್ಬಂಟಿಯಾಗಿ ಇದನ್ನು ಗೆಲ್ಲಬೇಕು ಎಂದು ನಿರೀಕ್ಷಿಸುವುದು ನ್ಯಾಯವಲ್ಲ.

ಹಾಗಾದರೆ ಎಷ್ಟು ಹೊತ್ತು ಕೊಡಬಹುದು? ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ ಹೀಗಿದೆ. ಎರಡು ವರ್ಷದೊಳಗಿನ ಮಗುವಿಗೆ ಸ್ಕ್ರೀನ್ ಬೇಡ. ದೂರದ ಅಜ್ಜ-ಅಜ್ಜಿಯೊಡನೆ ವಿಡಿಯೋ ಕಾಲ್ ಆದರೆ ಅಡ್ಡಿಯಿಲ್ಲ. ಎರಡರಿಂದ ಐದು ವರ್ಷದವರಿಗೆ ಹೆಚ್ಚೆಂದರೆ ದಿನಕ್ಕೆ ಒಂದು ಗಂಟೆ. ಐದರಿಂದ ಹತ್ತು ವರ್ಷದವರಿಗೆ ಎರಡು ಗಂಟೆಯೊಳಗೆ, ಕಡಿಮೆಯಾದಷ್ಟೂ ಒಳ್ಳೆಯದು. ಹತ್ತು ದಾಟಿದವರಿಗೆ ಗಂಟೆಯ ಲೆಕ್ಕಕ್ಕಿಂತ ನಿದ್ದೆ, ಆಟ, ಓದು, ಮನೆಯವರ ಜೊತೆಯ ಮಾತು ಇವುಗಳಲ್ಲಿ ಯಾವುದು ತಪ್ಪುತ್ತಿದೆ ಎಂದು ನೋಡಬೇಕು. ಟಿವಿಯೂ ಈ ಲೆಕ್ಕದೊಳಗೇ ಬರುತ್ತದೆ.

ಇನ್ನು ಬೀಗಗಳು. ನಮ್ಮ ಕಡೆ ಬಹಳ ಮನೆಗಳಲ್ಲಿ ಮಗುವಿಗೆ ಸ್ವಂತ ಫೋನಿಲ್ಲ. “ಆಯಿ, ಹೋಮ್‌ವರ್ಕ್ ಗ್ರೂಪಿಗೆ ಹಾಕಿದ್ದಾರೆ, ಫೋನ್ ಕೊಡು” ಎಂದು ತೆಗೆದುಕೊಳ್ಳುತ್ತಾರೆ. ವಾಟ್ಸ್‌ಆ್ಯಪ್ ನೋಡಿ ಮುಗಿಯುವುದು ಎರಡು ನಿಮಿಷದಲ್ಲಿ. ಫೋನು ವಾಪಸು ಬರುವುದು ಊಟದ ಹೊತ್ತಿಗೆ. ಇದಕ್ಕೆ ಆಂಡ್ರಾಯ್ಡ್ ಫೋನಿನಲ್ಲೇ ಒಂದು ಉಪಾಯವಿದೆ. ಅದರ ಹೆಸರು ಆ್ಯಪ್ ಪಿನ್ನಿಂಗ್, ಅಂದರೆ ಒಂದೇ ಆ್ಯಪನ್ನು ತೆರೆದು ಉಳಿದದ್ದನ್ನೆಲ್ಲ ಮುಚ್ಚಿಡುವುದು. ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ ಎಂಬಲ್ಲಿ ಹುಡುಕಿ. ಕೆಲವು ಫೋನಿನಲ್ಲಿ ಸ್ಕ್ರೀನ್ ಪಿನ್ನಿಂಗ್ ಎಂದಿರುತ್ತದೆ. ಅದನ್ನು ಆನ್ ಮಾಡಿ, ಹೊರಬರಲು ಪಿನ್ ಕೇಳಬೇಕು ಎಂಬುದನ್ನೂ ಆನ್ ಮಾಡಿ. ಆಮೇಲೆ ವಾಟ್ಸ್‌ಆ್ಯಪ್ ತೆರೆಯಿರಿ. ಇತ್ತೀಚೆಗೆ ತೆರೆದ ಆ್ಯಪ್‌ಗಳು ಸಾಲಾಗಿ ಕಾಣುವ ಪರದೆಗೆ ಹೋಗಿ, ಅದರ ಗುರುತಿನ ಮೇಲೆ ಒತ್ತಿ, ಪಿನ್ ಆರಿಸಿ. ಈಗ ಮಗು ಸುಲಭವಾಗಿ ಯೂಟ್ಯೂಬಿಗೆ ಜಾರಲು ಆಗುವುದಿಲ್ಲ. ಪಿನ್ ಸಂಖ್ಯೆ ಮಾತ್ರ ಮಗುವಿಗೆ ಗೊತ್ತಿರಬಾರದು. ನಿಮ್ಮ ಹುಟ್ಟಿದ ವರ್ಷ, ಬೈಕಿನ ನಂಬರ್ ಇಡಬೇಡಿ. ಮಕ್ಕಳು ಮೊದಲು ಒತ್ತಿನೋಡುವುದೇ ಅದನ್ನು.

ಅದೇ ಫೋನಿನಲ್ಲಿ ನಿಮ್ಮ ಫೋನ್‌ಪೇ, ಗೂಗಲ್ ಪೇ ಇದ್ದರೆ ಅವಕ್ಕೂ ಆ್ಯಪ್ ಲಾಕ್ ಹಾಕಿ. ಪ್ಲೇ ಸ್ಟೋರಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿ. ಆಟದೊಳಗೆ ವಜ್ರ, ಬಟ್ಟೆ, ಬಂದೂಕು ಕೊಳ್ಳಲು ಹೋಗಿ ಅಪ್ಪನ ಖಾತೆಯ ದುಡ್ಡು ಕರಗುವುದು ಹೀಗೆಯೇ. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಯಾರಾದರೂ ಲಿಂಕ್ ಕಳಿಸಿ ಆಡು ಎಂದರೆ ಅದು ಮೋಸ ಎಂದು ಮಗುವಿಗೆ ಮೊದಲೇ ಹೇಳಿಡಿ.

ಹೈಸ್ಕೂಲು, ಪಿಯುಸಿಗೆ ಬಂದು ಸ್ವಂತ ಫೋನು ಕೊಡಿಸಿದ್ದರೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಉಪಯೋಗಕ್ಕೆ ಬರುತ್ತದೆ. ನಿಮ್ಮ ಫೋನಿನಲ್ಲಿ ಆ ಆ್ಯಪ್ ಹಾಕಿಕೊಂಡು ಮಗುವಿನ ಜಿಮೇಲ್ ಖಾತೆಯನ್ನು ಅದಕ್ಕೆ ಜೋಡಿಸಬೇಕು. ಆಗ ದಿನಕ್ಕೆ ಎಷ್ಟು ಹೊತ್ತು, ಯಾವ ಆ್ಯಪ್‌ಗೆ ಎಷ್ಟು ನಿಮಿಷ ಎಂದು ನೀವು ಗೊತ್ತುಮಾಡಬಹುದು. ರಾತ್ರಿ ಒಂಬತ್ತೂವರೆಯಿಂದ ಬೆಳಗಿನ ಆರರವರೆಗೆ ಫೋನು ಮುಚ್ಚಿರುವಂತೆಯೂ ಇಡಬಹುದು. ಇದಕ್ಕೆ ಡೌನ್‌ಟೈಮ್ ಎನ್ನುತ್ತಾರೆ. ಹೊಸ ಆ್ಯಪ್ ಇಳಿಸಿಕೊಳ್ಳಲು ನಿಮ್ಮ ಒಪ್ಪಿಗೆ ಬೇಕೇಬೇಕು ಎಂದೂ ಮಾಡಬಹುದು. ಐಫೋನಿನಲ್ಲಿ ಇದೇ ಕೆಲಸಕ್ಕೆ ಸ್ಕ್ರೀನ್ ಟೈಮ್ ಎಂಬುದಿದೆ.

ಲಾಕ್ ಆದಾಗ ಮಗು ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ? ಹೆದರಬೇಡಿ. ಬಂದ ಕರೆ ಎತ್ತಬಹುದು, ತುರ್ತು ಕರೆ ಮಾಡಬಹುದು. ಮಗುವಿನ ಮೆಸೇಜುಗಳನ್ನೆಲ್ಲ ಓದಬಹುದೇ? ಇಲ್ಲ, ಫ್ಯಾಮಿಲಿ ಲಿಂಕ್ ಅವನ್ನು ತೋರಿಸುವುದಿಲ್ಲ. ಹದಿನೈದು ವರ್ಷದ ಮಗುವಿನ ಸ್ನೇಹಿತರ ಮಾತು ನಮ್ಮ ಕಣ್ಣಿಗೆ ಬೀಳದಿರುವುದೇ ಸರಿ ಎಂದು ನನ್ನ ಅಭಿಪ್ರಾಯ. ಇನ್ನೊಂದು ನೆನಪಿಡಿ: ನೀವು ಮಾಡಿದ ಬದಲಾವಣೆ ಮಗುವಿನ ಫೋನಿಗೆ ತಲುಪಲು ಅದಕ್ಕೆ ಇಂಟರ್ನೆಟ್ ಇರಬೇಕು. ಸಿಗ್ನಲ್ ಇಲ್ಲದ ಊರಿನಲ್ಲಿ ಕುಳಿತು ಲಾಕ್ ಆಗಲಿಲ್ಲ ಎಂದು ಗೊಂದಲಪಡಬೇಡಿ.

ಇನ್‌ಸ್ಟಾಗ್ರಾಮ್, ವಾಟ್ಸ್‌ಆ್ಯಪ್ ಎರಡಕ್ಕೂ ಹದಿಮೂರು ತುಂಬಿರಬೇಕು ಎಂಬುದು ಆ ಕಂಪನಿಗಳದ್ದೇ ನಿಯಮ. ಇನ್‌ಸ್ಟಾಗ್ರಾಮ್‌ನಲ್ಲಿ ಹದಿನೆಂಟರೊಳಗಿನವರಿಗೆ ಟೀನ್ ಅಕೌಂಟ್ ಎಂಬ ವ್ಯವಸ್ಥೆ 2025ರಲ್ಲಿ ನಮ್ಮ ದೇಶಕ್ಕೂ ಬಂತು. ಖಾತೆ ಖಾಸಗಿಯಾಗಿರುತ್ತದೆ, ಒಂದು ಗಂಟೆಯಾದಾಗ ಎಚ್ಚರಿಸುತ್ತದೆ, ರಾತ್ರಿ ಹತ್ತರಿಂದ ಬೆಳಗಿನ ಏಳರವರೆಗೆ ನೋಟಿಫಿಕೇಶನ್ ಸುಮ್ಮನಾಗುತ್ತದೆ. ಹದಿನಾರರೊಳಗಿನವರು ಇದನ್ನು ಸಡಿಲಿಸಲು ಹೆತ್ತವರನ್ನು ಕೇಳಲೇಬೇಕು. ಆದರೆ ಮಗು ಹುಟ್ಟಿದ ವರ್ಷ ಸುಳ್ಳು ಬರೆದಿದ್ದರೆ ಇದು ಯಾವುದೂ ನಡೆಯುವುದಿಲ್ಲ. ಖಾತೆ ತೆರೆಯುವಾಗ ಪಕ್ಕದಲ್ಲಿ ಕುಳಿತುಕೊಳ್ಳಿ.

ವೈಫೈ ಪೆಟ್ಟಿಗೆಯ ಸ್ವಿಚ್ಚನ್ನೇ ರಾತ್ರಿ ಆರಿಸಿಬಿಟ್ಟರೆ ಆಗದೇ? ಪೇಟೆಯಲ್ಲಾದರೆ ಆದೀತು. ನಮ್ಮಲ್ಲಿ ಮೊದಲು ಒಂದನ್ನು ನೋಡಿಕೊಳ್ಳಬೇಕು. ಟವರ್ ಸಿಗ್ನಲ್ ಸಿಗದ ಮನೆಗಳಲ್ಲಿ ಫೋನ್ ಕರೆ ಬರುವುದೇ ವೈಫೈ ಕಾಲಿಂಗ್ ಮೂಲಕ. ಫೈಬರ್ ಮೇಲೆ ಬಂದ ಲ್ಯಾಂಡ್‌ಲೈನ್ ಕೂಡ ಅದೇ ಪೆಟ್ಟಿಗೆಯಿಂದ ನಡೆಯುತ್ತದೆ. ಅದನ್ನು ಆರಿಸಿದರೆ ನಡುರಾತ್ರಿ ಅಜ್ಜನಿಗೆ ಎದೆನೋವು ಬಂದಾಗ ಆಂಬುಲೆನ್ಸಿಗೆ ಕರೆ ಮಾಡಲು ದಾರಿಯಿರುವುದಿಲ್ಲ. ಅದರ ಬದಲು ಮಗುವಿನ ಫೋನಿಗೆ ಮಾತ್ರ ಇಂತಿಷ್ಟು ಹೊತ್ತಿಗೆ ಇಂಟರ್ನೆಟ್ ನಿಲ್ಲಿಸುವ ಸೌಲಭ್ಯ ಹಲವು ರೌಟರುಗಳಲ್ಲಿದೆ. ಲೈನ್ ಕೊಟ್ಟವರನ್ನೇ ಕೇಳಿ, ಮಾಡಿಕೊಡುತ್ತಾರೆ.

ಖರ್ಚಿನ ಮಾತು ಬಹಳ ಇಲ್ಲ. ಆ್ಯಪ್ ಪಿನ್ನಿಂಗ್, ಫ್ಯಾಮಿಲಿ ಲಿಂಕ್, ಚಿಕ್ಕವರ ಯೂಟ್ಯೂಬ್ ಕಿಡ್ಸ್ ಎಲ್ಲ ಉಚಿತ. ತಿಂಗಳಿಗಿಷ್ಟು ಎಂದು ದುಡ್ಡು ಕೇಳುವ ಆ್ಯಪ್‌ಗಳು ಹೆಚ್ಚಿನ ಮನೆಗಳಿಗೆ ಬೇಕಾಗುವುದಿಲ್ಲ. ನಾನು ಖರ್ಚು ಮಾಡಿ ಎನ್ನುವುದು ಒಂದು ಅಲಾರಂ ಗಡಿಯಾರಕ್ಕೆ. ಬೆಳಿಗ್ಗೆ ಏಳಲು ಅಲಾರಂ ಬೇಕು ಎಂಬ ನೆಪದಿಂದಲೇ ಫೋನು ಹಾಸಿಗೆಗೆ ಹೋಗುತ್ತದೆ. ಗಡಿಯಾರ ಬಂದರೆ ರಾತ್ರಿ ಮನೆಯ ಎಲ್ಲ ಫೋನುಗಳೂ ಜಗಲಿಯಲ್ಲಿ ಒಂದೇ ಕಡೆ ಚಾರ್ಜಿಗೆ ಇರಬಹುದು. ಎಲ್ಲ ಫೋನು ಎಂದರೆ ಅಪ್ಪ-ಅಮ್ಮಂದಿರದ್ದೂ ಸೇರಿ. ಅಡಕೆ ರೇಟು ನೋಡಲೆಂದು ನಾವು ಹಾಸಿಗೆಯಲ್ಲಿ ಫೋನು ಹಿಡಿದಿದ್ದರೆ ಮಗ ನಮ್ಮ ಮಾತು ಕೇಳುವುದಿಲ್ಲ.

ಒಂದು ಮನೆಯವರು ಮಾತ್ರ ಮಾಡಿದರೆ “ಎಲ್ಲರೂ ಆನ್‌ಲೈನ್ ಇದ್ದಾರೆ, ನನಗೊಬ್ಬನಿಗೆ ಇಲ್ಲ” ಎಂಬ ಅಳು ತಪ್ಪುವುದಿಲ್ಲ. ಅದು ಸುಳ್ಳೂ ಅಲ್ಲ. ಊರೇ ಸೇರಿ ಮಾಡಿದ ಉದಾಹರಣೆಗಳಿವೆ. ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಲ್ಲಿ 2022ರಲ್ಲಿ ಸಂಜೆ ಏಳಕ್ಕೆ ಸೈರನ್ ಕೂಗಿಸಿ ಒಂದೂವರೆ ಗಂಟೆ ಟಿವಿ, ಮೊಬೈಲ್ ಆರಿಸುವ ಪದ್ಧತಿ ಶುರುವಾಯಿತು. ನಮ್ಮದೇ ಬೆಳಗಾವಿ ಬಳಿಯ ಹಲಗಾ ಗ್ರಾಮ 2025ರ ಡಿಸೆಂಬರಿನಲ್ಲಿ ಏಳರಿಂದ ಒಂಬತ್ತರವರೆಗೆ ಹೀಗೆ ಮಾಡಿತು. ನಮ್ಮ ಕಡೆ ಸೈರನ್ ಕೂಗಿದರೆ ಗುಡ್ಡದಾಚೆ ಕೇಳದು. ಆದರೆ ಒಂದೇ ತರಗತಿಯ, ಒಂದೇ ವ್ಯಾನಿನಲ್ಲಿ ಹೋಗುವ ಮಕ್ಕಳ ಮನೆಯವರು ಸೇರಿ ಒಂದು ಹೊತ್ತು ಗೊತ್ತುಮಾಡಿಕೊಳ್ಳಬಹುದು. ಸಂಜೆ ಆರರ ನಂತರ ಹೋಮ್‌ವರ್ಕ್ ಗ್ರೂಪಿಗೆ ಏನೂ ಹಾಕಬೇಡಿ, ಡೈರಿಯಲ್ಲೇ ಬರೆಸಿ ಎಂದು ಪಾಲಕರ ಸಭೆಯಲ್ಲಿ ಮಾಸ್ತರನ್ನು ಕೇಳಬಹುದು. ಈ ಒಂದು ಬದಲಾವಣೆಯಿಂದ ಆಗುವ ಉಪಕಾರ ಯಾವ ಆ್ಯಪಿನಿಂದಲೂ ಆಗದು.

ಫೋನಿಲ್ಲದ ಆ ಹೊತ್ತಿಗೆ ಮಗುವಿಗೆ ಏನು? ರವಿವಾರ ಆಚೆಮನೆ, ಈಚೆಮನೆ ಮಕ್ಕಳನ್ನು ಸರದಿಯಂತೆ ಒಂದೊಂದು ಮನೆಗೆ ಕರೆಯಿರಿ; ಬೈಕಿನಲ್ಲಿ ಬಿಟ್ಟು ಕರೆತರುವ ಕಷ್ಟ ಇದೆ, ಆದರೂ ಮಾಡಿ. ಹೊರಗಿನ ಬೆಳಕಿನಲ್ಲಿ ಆಡುವುದು ಕಣ್ಣಿಗೂ ಒಳ್ಳೆಯದು, ಸಮೀಪದೃಷ್ಟಿ ದೋಷ ತಡೆಯಲು ಅದು ನೆರವಾಗುತ್ತದೆ. ಮಳೆಗಾಲಕ್ಕೆ ಕೇರಂ, ಚೆನ್ನೆಮಣೆ, ಯಕ್ಷಗಾನದ ತರಗತಿ ಇದೆ. ಗ್ರಾಮ ಪಂಚಾಯ್ತಿಯ ಗ್ರಂಥಾಲಯಕ್ಕೆ ಈಗ ಅರಿವು ಕೇಂದ್ರ ಎನ್ನುತ್ತಾರೆ. ‘ಓದುವ ಬೆಳಕು’ ಕಾರ್ಯಕ್ರಮ 2020ರಲ್ಲಿ ಶುರುವಾದ ಮೇಲೆ ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ.

ಇಷ್ಟೆಲ್ಲ ಮಾಡಿಯೂ ಕೆಲವು ಮಕ್ಕಳು ಊಟ, ನಿದ್ದೆ, ಶಾಲೆ ಬಿಡುತ್ತಾರೆ. ಫೋನು ಕೇಳಿದರೆ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾರೆ. ಅಂಥವರಿಂದ ಒಮ್ಮೆಲೇ ಕಸಿದುಕೊಳ್ಳಬೇಡಿ. ಬೇರೆ ನೋವೊಂದು ಒಳಗಿರಬಹುದು, ಫೋನಿನಲ್ಲಿ ಅದನ್ನು ಮರೆಯುತ್ತಿರಬಹುದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮಗು ಸಾಯುತ್ತೇನೆ ಎಂದರೆ ಬರೀ ಹೆದರಿಸುವ ಮಾತು ಎಂದು ತಳ್ಳಿಹಾಕದೆ ಆ ಗಳಿಗೆಯಲ್ಲೇ ಕರೆ ಮಾಡಿ, ಒಂಟಿಯಾಗಿ ಬಿಡಬೇಡಿ. ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆಯಿದೆ. ಯಾವ ವಾರ ಎಂದು ಆಸ್ಪತ್ರೆಗೆ ಫೋನು ಮಾಡಿ ಕೇಳಿಕೊಂಡು ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಗೀಳಿಗೆಂದೇ 2014ರಿಂದ ಶಟ್ ಕ್ಲಿನಿಕ್ ನಡೆಯುತ್ತಿದೆ.

ಯಾರೋ ಫೋಟೋ ಕೇಳಿದರು, ಹೆದರಿಸಿದರು ಎಂದು ಮಗು ಬಂದು ಹೇಳಿದರೆ ಮೊದಲು ಬೈಯಬೇಡಿ. ಮೆಸೇಜು ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಮಕ್ಕಳ ಸಹಾಯವಾಣಿ 1098, ಪೊಲೀಸ್ 112. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930. ಬ್ಯಾಂಕಿಗೆ ಹೋಗಿ ವಿಚಾರಿಸುವುದು ಆಮೇಲೆ. ಮೊದಲು ಈ ನಂಬರಿಗೆ ಕರೆ ಮಾಡಿದರೆ ಆ ದುಡ್ಡನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.