ಕೋಡಿಯಿಲ್ಲದ ಕೆರೆ

ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಪೂರ್ಣಗೊಂಡಿತು. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಹರಿದದ್ದು 89 ವರ್ಷಗಳ ನಂತರ, 2022ರಲ್ಲಿ. ಅಷ್ಟು ಕಾಲ ಒಣಗಿಯೇ ಇದ್ದ ಕೋಡಿಯನ್ನು ಯಾರೂ ದಂಡವೆನ್ನಲಿಲ್ಲ. ಹೆಚ್ಚಿನ ನೀರಿಗೆ ದಾರಿ ಇಲ್ಲದಿದ್ದರೆ ಏರಿ ಒಡೆಯುತ್ತದೆ ಎಂಬುದು ಬಯಲುಸೀಮೆಯ ಮಕ್ಕಳಿಗೂ ಗೊತ್ತು. ಚಿತ್ರದುರ್ಗದ ಕೋಟೆಯಲ್ಲೂ ಇದೇ ಲೆಕ್ಕ: ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗಿನ ಸಿಹಿನೀರು ಹೊಂಡ, ಸಂತೆ ಹೊಂಡಗಳಿಗೆ ಇಳಿಯುತ್ತದೆ.

ವಿದ್ಯುತ್ತನ್ನು ಕೂಡಿಡುವ ಬ್ಯಾಟರಿಗೂ ಕೋಡಿ ಬೇಕು. ಇನ್ವರ್ಟರಿನ ಜೊತೆಗೆ ಬರುವ ಸೀಸ-ಆಮ್ಲದ ಬ್ಯಾಟರಿಗೆ ಅದು ಹುಟ್ಟಿನಿಂದಲೇ ಇದೆ. ಹನ್ನೆರಡು ವೋಲ್ಟಿನ ಪೆಟ್ಟಿಗೆಯಲ್ಲಿ ಆರು ಸೆಲ್. ಒಂದು ಮೊದಲು ತುಂಬಿದರೆ ಹೆಚ್ಚಿನ ವಿದ್ಯುತ್ತು ಅದರೊಳಗಿನ ನೀರನ್ನು ಒಡೆದು ಗುಳ್ಳೆಯಾಗಿ ಹೊರಹೋಗುತ್ತದೆ. ಅಷ್ಟರಲ್ಲಿ ಹಿಂದುಳಿದವು ತುಂಬಿಕೊಳ್ಳುತ್ತವೆ. ಕಳೆದ ನೀರಿಗೆ ಡಿಸ್ಟಿಲ್ಡ್ ವಾಟರ್ ಹಾಕಿದರಾಯಿತು. ಕರೆಂಟು ಬಾರದ ಊರುಗಳ ಜನ ರೇಡಿಯೊದ ಬ್ಯಾಟರಿಯನ್ನು ಪೇಟೆಗೆ ಹೊತ್ತೊಯ್ದು ಚಾರ್ಜ್ ಮಾಡಿಸುತ್ತಿದ್ದ ಕಾಲದಲ್ಲೇ ಅಂಗಡಿಯವರು ಒಂದೊಂದು ಮುಚ್ಚಳ ತೆಗೆದು ಹೈಡ್ರೋಮೀಟರ್ ಅದ್ದಿ ನೋಡುತ್ತಿದ್ದರು. ಪರೀಕ್ಷೆ ಪೆಟ್ಟಿಗೆಗಲ್ಲ, ಒಳಗಿನ ಪ್ರತಿಯೊಂದು ಸೆಲ್ಲಿಗೆ.

1991ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ತಂದ ಲಿಥಿಯಂ-ಅಯಾನ್ ಸೆಲ್ಲಿಗೆ ಈ ಕೋಡಿ ಇಲ್ಲ. ತುಂಬಿದ ಮೇಲೂ ತುಂಬಿಸಿದರೆ ಒಳಗಿನ ದ್ರವ ಕೆಡುತ್ತದೆ, ಸೆಲ್ ಊದುತ್ತದೆ, ಬಿಸಿಯೇರುತ್ತದೆ, ಮುಂದೆ ಬೆಂಕಿ. ಕೋಡಿಯ ಕೆಲಸವನ್ನು ಹೊರಗಿನ ಒಂದು ಹಲಗೆಗೆ ವಹಿಸಬೇಕು. ಬಿಎಂಎಸ್ ಎಂದು ಕರೆಯುವ ಅದು ಪ್ರತಿ ಸೆಲ್ಲನ್ನೂ ಕಾಯುತ್ತ, ಮಿತಿ ಮೀರಿದೊಡನೆ ಸಂಪರ್ಕ ಕಡಿಯುತ್ತದೆ.

ಹೊಸದುರ್ಗ, ಹೊಳಲ್ಕೆರೆ ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗುತ್ತಿರುವಾಗಲೇ ಕೆಳಗಿನ ತೋಟದ ಮನೆಯಲ್ಲಿ ದೀಪ ಆರುವುದುಂಟು. ಆ ವಿದ್ಯುತ್ತು ಗ್ರಿಡ್ಡಿನ ಪಾಲು. ಮಾಡಿನ ಮೇಲೆ ಸೋಲಾರ್ ಹಾಕಿ, ಬಿಡಿ ಸೆಲ್ ತರಿಸಿ ತಾನೇ ಜೋಡಿಸಿಕೊಳ್ಳುವ ಹುಮ್ಮಸ್ಸು ಯಾರಿಗಾದರೂ ಬಂದರೆ ಆಶ್ಚರ್ಯವಿಲ್ಲ. ಮನೆಗೆ ಒಗ್ಗುವುದು ಲಿಥಿಯಂ-ಕಬ್ಬಿಣ-ಫಾಸ್ಫೇಟ್ ಜಾತಿ, ಉಳಿದವಕ್ಕಿಂತ ಸಾಧು. 3.2 ವೋಲ್ಟಿನ, 100 ಆಂಪಿಯರ್-ಗಂಟೆಯ 16 ಸೆಲ್‌ಗಳನ್ನು ಸಾಲಾಗಿ ಜೋಡಿಸಿದರೆ 51.2 ವೋಲ್ಟ್, ಸುಮಾರು ಐದು ಯೂನಿಟ್ ಸಂಗ್ರಹ.

ಆರು ತಿಂಗಳಲ್ಲಿ ದೂರು ಶುರುವಾಗುತ್ತದೆ. ಪರದೆ ‘ನಲವತ್ತು ಭಾಗ ಉಳಿದಿದೆ’ ಎನ್ನುತ್ತಿದ್ದಂತೆಯೇ ಮನೆ ಕತ್ತಲಾಗುತ್ತದೆ. ಅಥವಾ ಹಗಲು ಚಾರ್ಜ್ ಅರ್ಧಕ್ಕೇ ನಿಲ್ಲುತ್ತದೆ. ಬಿಎಂಎಸ್ ಕೆಟ್ಟಿತೆಂದು ಅದನ್ನು ತಪ್ಪಿಸಿ ನೇರ ತಂತಿ ಕೊಡುವವರಿದ್ದಾರೆ. ಕೋಡಿಗೆ ಅಡ್ಡಗೋಡೆ ಕಟ್ಟುವ ಕೆಲಸ ಅದು.

ನೋಡಬೇಕಾದ್ದು ಯಾವ ಸೆಲ್ ಮೊದಲು ತುದಿ ಮುಟ್ಟುತ್ತದೆ ಎಂಬುದನ್ನು. ನಡುವಿನಲ್ಲಿ ಅಳೆದು ಪ್ರಯೋಜನವಿಲ್ಲ. ಅರ್ಧ ತುಂಬಿದ್ದೂ ಮುಕ್ಕಾಲು ತುಂಬಿದ್ದೂ 3.3 ವೋಲ್ಟಿನ ಆಸುಪಾಸಿನಲ್ಲೇ ನಿಲ್ಲುತ್ತವೆ. ಮೇಲೆ 3.65, ಕೆಳಗೆ 2.5 ವೋಲ್ಟಿನ ಹತ್ತಿರ ಬಂದಾಗಲೇ ಗುಟ್ಟು ರಟ್ಟಾಗುವುದು. ಮೇಲಿನ ಮಿತಿಯನ್ನು ಮೊದಲು ಮುಟ್ಟುವುದು ಒಂದು ಸೆಲ್, ಕೆಳಗಿನ ಮಿತಿಯನ್ನು ಮೊದಲು ಮುಟ್ಟುವುದು ಇನ್ನೊಂದು ಎಂದಾದರೆ ಸೆಲ್‌ಗಳು ಗಟ್ಟಿ, ತುಂಬಿಕೆ ಮಾತ್ರ ಏರುಪೇರು. ಎರಡೂ ಕಡೆ ಒಂದೇ ಸೆಲ್ ಮುಂದಾದರೆ ಅದು ಹೂಳು ತುಂಬಿದ ಕೆರೆ, ಬದಲಿಸದೆ ಗತಿಯಿಲ್ಲ.

ಏರುಪೇರನ್ನು ಬಿಎಂಎಸ್ ತಾನೇ ಸರಿಪಡಿಸುತ್ತದಾದರೂ ಅನೇಕ ಹಲಗೆಗಳಲ್ಲಿ ಅದರ ಕೋಡಿ ನೂಲಿನಷ್ಟು ಸಣ್ಣದು, 0.1 ಆಂಪಿಯರ್ ಇದ್ದೀತು. ಐದು ಆಂಪಿಯರ್-ಗಂಟೆಯ ಅಂತರ ಕಳೆಯಲು 50 ಗಂಟೆ ಬೇಕು. ದಿನಕ್ಕೆ ಒಂದೆರಡು ಗಂಟೆ ಮಾತ್ರ ತುದಿ ಮುಟ್ಟುವ ಸೋಲಾರ್ ಮನೆಯಲ್ಲಿ ಅದು ತಿಂಗಳ ಮಾತು. ಸಾಲಾಗಿ ಜೋಡಿಸುವ ಮೊದಲೇ ಎಲ್ಲವನ್ನೂ ಸಮಾಂತರವಾಗಿ ಕಟ್ಟಿ 3.65 ವೋಲ್ಟಿಗೆ ತುಂಬಿಸಿಕೊಂಡಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ.

ಕೆಲವೊಮ್ಮೆ ತಪ್ಪು ಸೆಲ್ಲಿನದಲ್ಲ. ಪಕ್ಕಪಕ್ಕದ ಎರಡರಲ್ಲಿ ಒಂದು ಎಷ್ಟು ಹೆಚ್ಚು ತೋರುತ್ತದೋ ಇನ್ನೊಂದು ಅಷ್ಟೇ ಕಡಿಮೆ ತೋರಿದರೆ, ಅವುಗಳ ನಡುವಿನ ಅಳತೆಯ ತಂತಿ ಸಡಿಲವಾಗಿದೆ. ಹೊರೆ ಬಿದ್ದಾಗ ಮಾತ್ರ ವೋಲ್ಟೇಜು ಕುಸಿದರೆ ತಾಮ್ರಪಟ್ಟಿಯ ನಟ್ಟು ನೋಡಿ: ಅಲ್ಲಿ ಹತ್ತು ಮಿಲಿಓಮ್ ಅಡ್ಡಿ ಇದ್ದರೆ 50 ಆಂಪಿಯರಿಗೆ 25 ವಾಟ್ ಕಾವು, ಬೆಸುಗೆ ಹಾಕುವ ಕಡ್ಡಿಯಷ್ಟು. ಕೈ ಹಾಕುವ ಮುನ್ನ ಉಂಗುರ, ಬಳೆ ತೆಗೆದಿಡಬೇಕು. ಸ್ಪ್ಯಾನರಿನ ಹಿಡಿಗೆ ಟೇಪು ಸುತ್ತಬೇಕು.

ಸೀಸದ ಬ್ಯಾಟರಿಗೆಂದು ಇನ್ವರ್ಟರಿನಲ್ಲಿರುವ ‘ಈಕ್ವಲೈಸ್’ ಆಯ್ಕೆ ಬಂದ್ ಆಗಿರಲಿ. ಅದು 60 ವೋಲ್ಟ್ ದಾಟಬಹುದು. 16 ಸೆಲ್ಲಿನ ಮಿತಿ 58.4. ಸ್ಕೂಟರಿನಿಂದ ಬಿಚ್ಚಿದ ಸೆಲ್‌ಗಳು ಹಲವು ಬಾರಿ 4.2 ವೋಲ್ಟಿನ ಬೇರೆ ಜಾತಿಯವು, ಇವುಗಳೊಂದಿಗೆ ಬೆರೆಸಲಾಗದು. ಕೊಬ್ಬರಿ ಅಟ್ಟದ ಕೆಳಗೆ, ತಗಡಿನ ಮಾಡಿನ ಕಾವಿನಲ್ಲಿ ಪೆಟ್ಟಿಗೆ ಇಡುವುದಂತೂ ಬೇಡವೇ ಬೇಡ.

ಎರಡು ವೋಲ್ಟಿಗಿಂತ ಕೆಳಗಿಳಿದು ಬಹಳ ದಿನ ಬಿದ್ದಿದ್ದ ಸೆಲ್ಲನ್ನು ಬದುಕಿಸಲು ಹೋಗಬಾರದು. ಒಳಗೆ ತಾಮ್ರ ಕರಗಿ, ಮತ್ತೆ ಚಾರ್ಜ್ ಮಾಡಿದಾಗ ಒಳಗೊಳಗೇ ಶಾರ್ಟ್ ಆಗುವ ಅಪಾಯವಿದೆ. ಊದಿದ ಸೆಲ್ಲನ್ನೂ ಹಾಗೆಯೇ ಬಿಡಿಸಿ, ಮನೆಯಿಂದ ದೂರ ಇಡಬೇಕು. ಗುಜರಿಯವನ ಗಾಡಿಗೆ ಹಾಕುವಂತಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದು ನೋಂದಾಯಿತ ಮರುಬಳಕೆದಾರರಿಗೆ ಸೇರಬೇಕಾದ ವಸ್ತು.