ಬೀಡಿ ಸೇದದವರಿಗೂ ಶ್ವಾಸಕೋಶದ ಕ್ಯಾನ್ಸರ್: ವಂಶವಾಹಿಯ ಪಾಲೆಷ್ಟು?

ಶ್ವಾಸಕೋಶದ ಕ್ಯಾನ್ಸರಿನ ವಿಷಯದಲ್ಲಿ ಸದ್ಭಕ್ತರು ನಮ್ಮಲ್ಲಿ ಕೇಳುವ ಪ್ರಶ್ನೆಗಳಲ್ಲಿ ಎರಡು ಮತ್ತೆ ಮತ್ತೆ ಎದುರಾಗುತ್ತವೆ. ದಿನಕ್ಕೊಂದು ಕಟ್ಟು ಬೀಡಿ ಸೇದಿದ ಹಿರಿಯರು ಎಂಬತ್ತು ದಾಟಿ ಬದುಕಿದರು. ಅದೇ ಮನೆಯಲ್ಲಿ ತಂಬಾಕನ್ನು ಕೈಯಿಂದಲೂ ಮುಟ್ಟದ ಸೊಸೆಗೆ ಈ ರೋಗ ಬಂದದ್ದು ಹೇಗೆ? ಇದು ಮೊದಲನೆಯದು. ಎರಡನೆಯದನ್ನು ಜನ ದನಿ ತಗ್ಗಿಸಿ ಕೇಳುತ್ತಾರೆ. ತಾಯಿಯ ಪರೀಕ್ಷಾ ವರದಿಯಲ್ಲಿ ಜೀನಿನ ಬದಲಾವಣೆ ಇದೆಯೆಂದು ಬರೆದಿದ್ದಾರೆ, ಮಗಳಿಗೆ ವರ ನೋಡುತ್ತಿದ್ದೇವೆ, ಬೀಗರಾಗುವವರಿಗೆ ತಿಳಿದರೆ ಗತಿಯೇನು?

ಎರಡನೆಯ ಪ್ರಶ್ನೆಯ ಹಿಂದೆ ಭಯವಿರುವುದರಿಂದ ಅದನ್ನೇ ಮೊದಲು ಎತ್ತಿಕೊಳ್ಳುತ್ತೇವೆ. ಆ ವರದಿಯಲ್ಲಿ ಸಾಮಾನ್ಯವಾಗಿ ಕಾಣುವ ಹೆಸರು ಇಜಿಎಫ್‌ಆರ್. ಧೂಮಪಾನ ಮಾಡದ ಏಷ್ಯಾದ ಸ್ತ್ರೀಯರ ಶ್ವಾಸಕೋಶದ ಗಡ್ಡೆಗಳಲ್ಲಿ ಈ ಜೀನಿನ ಬದಲಾವಣೆ ಬಹಳ ಸಾಮಾನ್ಯ. ಆದರೆ ಅದು ತಾಯಿಯ ಗರ್ಭದಿಂದ ಬಂದದ್ದಲ್ಲ. ಜೀವನದ ನಡುವೆ, ಶ್ವಾಸಕೋಶದ ಯಾವುದೋ ಒಂದು ಜೀವಕೋಶದಲ್ಲಿ ಹುಟ್ಟಿ, ಆ ಗಡ್ಡೆಯೊಳಗೆ ಮಾತ್ರ ಬೆಳೆದದ್ದು. ಅಂಡಾಣುವಿನಲ್ಲಿ ಅದು ಇರುವುದಿಲ್ಲವಾದ್ದರಿಂದ ಮಕ್ಕಳಿಗೆ ದಾಟುವ ಮಾತೇ ಬರುವುದಿಲ್ಲ. ಹುಟ್ಟಿನಿಂದಲೇ ಇಂಥ ಬದಲಾವಣೆ ಹೊತ್ತ ಕುಟುಂಬಗಳು ಲೋಕದಲ್ಲಿ ಇಲ್ಲವೆಂದಲ್ಲ, ಆದರೆ ಅವು ಅತ್ಯಂತ ವಿರಳ. ವೈದ್ಯರು ಈ ಪರೀಕ್ಷೆ ಮಾಡಿಸುವುದು ವಂಶವನ್ನು ಅಳೆಯಲಿಕ್ಕಲ್ಲ, ಔಷಧಿ ಆರಿಸಲಿಕ್ಕೆ. ಇಜಿಎಫ್‌ಆರ್ ಬದಲಾವಣೆ ಇರುವ ರೋಗಿಗೆ ಜೆಫಿಟಿನಿಬ್, ಒಸಿಮೆರ್ಟಿನಿಬ್ ಮೊದಲಾದ ಗುಳಿಗೆಗಳು ಫಲ ಕೊಡುತ್ತವೆ. ವರದಿಯ ಒಂದು ಸಾಲನ್ನು ತಪ್ಪಾಗಿ ಓದಿ ಸಂಬಂಧಗಳು ಮುರಿದುಬೀಳುವುದು ನಮಗೆ ರೋಗಕ್ಕಿಂತ ಕಡಿಮೆ ದುಃಖದ ಸಂಗತಿಯಾಗಿ ತೋರುವುದಿಲ್ಲ.

ಹಾಗಾದರೆ ವಂಶದಿಂದ ಬರುವುದು ಏನೂ ಇಲ್ಲವೇ? ಇದೆ. ಅದು ಜನ ಊಹಿಸುವ ರೂಪದಲ್ಲಿ ಇಲ್ಲ, ಅಷ್ಟೆ.

ನಮ್ಮ ಪ್ರತಿಯೊಂದು ಜೀವಕೋಶದಲ್ಲಿ ಸುಮಾರು 300 ಕೋಟಿ ಅಕ್ಷರಗಳಷ್ಟು ಉದ್ದದ ಡಿಎನ್‌ಎ ಬರಹವಿದೆ. ಅದರಲ್ಲಿ ಪ್ರೋಟೀನುಗಳನ್ನು ಕಟ್ಟುವ ನೇರ ಸೂಚನೆಗಳಿರುವ ಭಾಗ ನೂರಕ್ಕೆ ಎರಡರಷ್ಟೂ ಇಲ್ಲ. ಉಳಿದುದನ್ನು ಒಂದು ಕಾಲದಲ್ಲಿ ವಿಜ್ಞಾನಿಗಳೇ ಕಸವೆಂದು ಕರೆದದ್ದುಂಟು. ಆ ಕಸದ ರಾಶಿಯಲ್ಲಿಯೇ ನಿಯಂತ್ರಕ ಭಾಗಗಳು ಅಡಗಿವೆ ಎಂಬುದು ಈಗ ಸ್ಪಷ್ಟವಾಗಿದೆ. ಕೆರೆಯ ನೀರು ಎಲ್ಲ ಗದ್ದೆಗೂ ಒಂದೇ. ಯಾವ ಗದ್ದೆಗೆ ಯಾವಾಗ ಎಷ್ಟು ಹರಿಯಬೇಕೆಂಬುದನ್ನು ನಿರ್ಧರಿಸುವುದು ತೂಬು. ಹಾಗೆಯೇ ಯಕೃತ್ತಿನ ಕೋಶದಲ್ಲಿಯೂ ಶ್ವಾಸಕೋಶದ ಕೋಶದಲ್ಲಿಯೂ ಇರುವ ಡಿಎನ್‌ಎ ಒಂದೇ ಆದರೂ, ಯಾವ ಜೀನು ಎಷ್ಟು ಕೆಲಸ ಮಾಡಬೇಕೆಂಬುದನ್ನು ಈ ನಿಯಂತ್ರಕ ಭಾಗಗಳು ಗೊತ್ತುಮಾಡುತ್ತವೆ. ಕೆಲವು ಪ್ರೋಟೀನುಗಳು ಬಂದು ಇವುಗಳನ್ನು ಹಿಡಿದುಕೊಂಡಾಗ ಜೀನು ಚುರುಕಾಗುತ್ತದೆ, ಇಲ್ಲವೇ ಮಂದವಾಗುತ್ತದೆ. ಇಲ್ಲಿ ಒಂದೇ ಒಂದು ಅಕ್ಷರ ಬೇರೆಯಾದರೆ ಆ ಹಿಡಿತ ತುಸು ಬಿಗಿಯಾಗಬಹುದು, ತುಸು ಸಡಿಲವಾಗಬಹುದು. ತಯಾರಾಗುವ ಪ್ರೋಟೀನಿನಲ್ಲಿ ದೋಷವಿಲ್ಲ. ಅದರ ಪ್ರಮಾಣದಲ್ಲಿ ಮಾತ್ರ ಕೊಂಚ ಹೆಚ್ಚುಕಡಿಮೆ. ಇಂಥ ಅಕ್ಷರಭೇದಗಳು ಲಕ್ಷಗಟ್ಟಲೆ ಇವೆ. ಅವುಗಳಲ್ಲಿ ಒಂದಿಷ್ಟನ್ನು ಹೊರದ ಮನುಷ್ಯನೇ ಇಲ್ಲ. ಸಾಮಾನ್ಯ ಕಾಯಿಲೆಗಳೊಡನೆ ನಂಟಿರುವ ಆನುವಂಶಿಕ ಭೇದಗಳಲ್ಲಿ ಹತ್ತಕ್ಕೆ ಒಂಬತ್ತು ಕಂಡುಬಂದಿರುವುದು ಪ್ರೋಟೀನಿನ ಸೂಚನೆಯಿರುವ ಭಾಗದ ಹೊರಗೆ.

ಶ್ವಾಸಕೋಶದ ಕ್ಯಾನ್ಸರಿಗೆ ಸಂಬಂಧಿಸಿದ ಮೊದಲ ದೊಡ್ಡ ಸುಳಿವು ದೊರೆತದ್ದು 2008ರ ಏಪ್ರಿಲ್‌ನಲ್ಲಿ. ಐಸ್‌ಲ್ಯಾಂಡ್, ಫ್ರಾನ್ಸಿನ ಲಿಯೋನ್ ಹಾಗೂ ಅಮೆರಿಕದ ಹ್ಯೂಸ್ಟನ್‌ನ ಮೂರು ತಂಡಗಳು ಬೇರೆಬೇರೆಯಾಗಿ ಹುಡುಕಿ, 15ನೆಯ ವರ್ಣತಂತುವಿನ ಒಂದೇ ತಾಣಕ್ಕೆ ಬಂದು ನಿಂತವು. ಆ ತಾಣದಲ್ಲಿರುವುದು ನಿಕೋಟಿನ್ ಗ್ರಾಹಕಗಳ ಜೀನುಗಳು. ಒಂದು ಭೇದ ಪ್ರೋಟೀನಿನ ರೂಪವನ್ನೇ ಬದಲಿಸುತ್ತದೆ. ಅದರ ಸನಿಹದ ನಿಯಂತ್ರಕ ಭೇದಗಳು ಆ ಪ್ರೋಟೀನು ಎಷ್ಟು ತಯಾರಾಗಬೇಕೆಂಬುದನ್ನು ಬದಲಿಸುತ್ತವೆ. ಹೆಚ್ಚು ನಿಕೋಟಿನ್ ಒಳಸೇರಿದಾಗ ಮಿದುಳಿಗೆ ಸಾಕೆನಿಸಬೇಕು. ಈ ಭೇದವುಳ್ಳವರಲ್ಲಿ ಆ ‘ಸಾಕು’ ತಡವಾಗಿ ಬರುತ್ತದೆಂದು ತೋರುತ್ತದೆ. ಅವರು ಹೆಚ್ಚು ಸೇದುತ್ತಾರೆ, ಆಳವಾಗಿ ಎಳೆಯುತ್ತಾರೆ, ಬಿಡಲು ಹೆಚ್ಚು ಪಾಡುಪಡುತ್ತಾರೆ. ಇಂಥ ಒಂದು ಪ್ರತಿ ಇದ್ದರೆ ಅಪಾಯ ಸುಮಾರು 1.3 ಪಟ್ಟು, ತಂದೆತಾಯಿ ಇಬ್ಬರಿಂದಲೂ ಬಂದಿದ್ದರೆ 1.8 ಪಟ್ಟಿನಷ್ಟು. ಧೂಮಪಾನವಾದರೋ ಅಪಾಯವನ್ನು 15ರಿಂದ 30 ಪಟ್ಟು ಏರಿಸುತ್ತದೆ. ಇನ್ನೊಂದು ಮಾತು: ಎಂದೂ ಸೇದದ ಏಷ್ಯಾದ ಸ್ತ್ರೀಯರಲ್ಲಿ ಹುಡುಕಿದಾಗ ಈ ತಾಣಕ್ಕೂ ಕ್ಯಾನ್ಸರಿಗೂ ಯಾವ ನಂಟೂ ಕಾಣಲಿಲ್ಲ. ಹೊಗೆಯಿಲ್ಲದ ಕಡೆ ಈ ವಂಶದ ಬಳುವಳಿ ಸುಮ್ಮನೆ ಮಲಗಿರುತ್ತದೆ. ಬೀಡಿ ಬಿಡಲಾರದೆ ಸೋತವರನ್ನು ಮನಸ್ಸಿನ ದೌರ್ಬಲ್ಯವೆಂದು ಹಂಗಿಸುವ ಮನೆಯವರಿಗೆ ಈ ಸಂಗತಿ ತಿಳಿದಿರಲಿ. ಕೆಲವರ ಹೋರಾಟ ನಿಜಕ್ಕೂ ಕಠಿಣ. ಅಂಥವರು ವೈದ್ಯರ ನೆರವು ಪಡೆಯುವುದರಲ್ಲಿ ನಾಚಿಕೆಯೇನೂ ಇಲ್ಲ.

ಇನ್ನು ಸೊಸೆಯ ಪ್ರಶ್ನೆ. ತೈವಾನಿನಲ್ಲಿ ಈ ರೋಗಕ್ಕೆ ತುತ್ತಾಗುವ ಸ್ತ್ರೀಯರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಎಂದೂ ಧೂಮಪಾನ ಮಾಡಿದವರಲ್ಲ. ಹೀಗಾಗಿ ಚೀನಾ, ತೈವಾನ್, ಜಪಾನ್, ಕೊರಿಯಾ, ಸಿಂಗಪುರಗಳ ಸಂಶೋಧಕರು ಒಂದುಗೂಡಿ ಇಂಥ ಸಾವಿರಾರು ಸ್ತ್ರೀಯರ ಡಿಎನ್‌ಎ ಪರಿಶೀಲಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಲ್ಲಿ ಎದ್ದು ಕಂಡ ತಾಣಗಳಲ್ಲೊಂದು 5ನೆಯ ವರ್ಣತಂತುವಿನ ಟರ್ಟ್ ಎಂಬ ಜೀನು. ವರ್ಣತಂತುಗಳ ತುದಿಯಲ್ಲಿ ಟೆಲೊಮಿಯರ್ ಎಂಬ ರಕ್ಷಾಕವಚವಿದೆ. ಕೋಶ ವಿಭಜನೆಯಾದಂತೆಲ್ಲ ಅದು ಸವೆಯುತ್ತದೆ. ಆ ಸವೆತವನ್ನು ತುಂಬುವ ಕಿಣ್ವದ ಮುಖ್ಯ ಭಾಗವನ್ನು ಟರ್ಟ್ ಒದಗಿಸುತ್ತದೆ. ಅಪಾಯಕ್ಕೆ ನಂಟಿರುವ ಅಕ್ಷರಭೇದ ಈ ಜೀನಿನೊಳಗೇ ಇದ್ದರೂ ಪ್ರೋಟೀನಿನ ಸೂಚನೆಯಲ್ಲಿಲ್ಲ, ನಡುವಿನ ಖಾಲಿ ಭಾಗದಲ್ಲಿದೆ. ಅದರ ಒಂದು ರೂಪವುಳ್ಳವರ ಟೆಲೊಮಿಯರ್ ಸರಾಸರಿ ತುಸು ಉದ್ದ. ಉದ್ದವಿದ್ದರೆ ಒಳ್ಳೆಯದಲ್ಲವೇ ಎಂದು ಕೇಳಬಹುದು; ಟೆಲೊಮಿಯರ್ ಉದ್ದ ಮಾಡುತ್ತೇವೆಂದು ದೀರ್ಘಾಯುಷ್ಯದ ಗುಳಿಗೆ ಮಾರುವವರೂ ಹಾಗೆಯೇ ಹೇಳುತ್ತಾರೆ. ಆದರೆ ಸವೆದು ನಿಲ್ಲಬೇಕಾದ ಕೋಶ ನಿಲ್ಲದೆ ವಿಭಜಿಸುತ್ತ ಹೋದರೆ, ದೋಷಗಳು ಕೂಡಿಬೀಳಲು ಅದಕ್ಕೆ ಹೆಚ್ಚು ಕಾಲಾವಕಾಶ ದೊರೆಯುತ್ತದೆ. ಅದೇ ಅಕ್ಷರದ ಇನ್ನೊಂದು ರೂಪವುಳ್ಳವರಲ್ಲಿ ಈ ಕ್ಯಾನ್ಸರಿನ ಅಪಾಯ ಕಡಿಮೆ, ಆದರೆ ಶ್ವಾಸಕೋಶ ಗಾಯಗಟ್ಟಿ ಬಿರುಸಾಗುವ ಫೈಬ್ರೋಸಿಸ್ ರೋಗದ ಸಾಧ್ಯತೆ ಹೆಚ್ಚು. ಒಂದೇ ಅಕ್ಷರ, ಎರಡು ಕಡೆಯೂ ತೂಕ. ಇಂಥದ್ದನ್ನು ಕೆಟ್ಟ ಜೀನು ಎಂದು ಕರೆಯುವುದು ಹೇಗೆ?

ಆ ಮೇಲೆ 2017ರಲ್ಲಿ, 29 ಸಾವಿರಕ್ಕೂ ಹೆಚ್ಚು ರೋಗಿಗಳ ಅಧ್ಯಯನವೊಂದು ಇಂಥ 18 ತಾಣಗಳನ್ನು ಗುರುತಿಸಿತು. ಅವುಗಳಲ್ಲಿ ಹಲವು ಶ್ವಾಸಕೋಶದ ಅಂಗಾಂಶದಲ್ಲಿ ನೆರೆಯ ಜೀನುಗಳ ಉತ್ಪತ್ತಿಯ ಪ್ರಮಾಣವನ್ನು ಬದಲಿಸುತ್ತವೆಂಬ ಸೂಚನೆಯೂ ಸಿಕ್ಕಿತು. ಈ ಅಧ್ಯಯನಗಳಲ್ಲಿ ಬಹುಪಾಲು ಯುರೋಪಿನ ಮತ್ತು ಪೂರ್ವ ಏಷ್ಯಾದ ಜನರ ಮೇಲೆ ನಡೆದವು. ನಮ್ಮ ದೇಶದವರ ಪಾಲು ಅತ್ಯಲ್ಪ. ಆದಕಾರಣ, ಜೊಲ್ಲಿನ ಪರೀಕ್ಷೆಯಿಂದ ಕ್ಯಾನ್ಸರಿನ ಭವಿಷ್ಯ ಹೇಳುತ್ತೇವೆನ್ನುವ ಜಾಹೀರಾತುಗಳಿಗೆ ಸಾವಿರಾರು ರೂಪಾಯಿ ಸುರಿಯುವ ಮುನ್ನ ಯೋಚಿಸಬೇಕೆಂಬುದು ನಮ್ಮ ಅಭಿಪ್ರಾಯ.

ವಂಶದ ಪಾಲು ಇಷ್ಟು ಸಣ್ಣದಾದರೆ ಸೇದದವರ ಅಪಾಯಕ್ಕೆ ಉಳಿದ ಕಾರಣಗಳೇನು? ಚೀನಾದ ಯುನ್ನಾನ್ ಪ್ರಾಂತ್ಯದ ಷುವಾನ್‌ವೇ ಪ್ರದೇಶದಲ್ಲಿ ಸ್ತ್ರೀಯರು ಧೂಮಪಾನ ಮಾಡುತ್ತಿರಲಿಲ್ಲ. ಆದರೂ ಆ ದೇಶದಲ್ಲಿಯೇ ಅತಿ ಹೆಚ್ಚೆನ್ನುವ ಪ್ರಮಾಣದಲ್ಲಿ ಈ ರೋಗದಿಂದ ಸಾಯುತ್ತಿದ್ದರು. ಮನೆಯೊಳಗೆ ಹೊಗೆಗೂಡಿಲ್ಲದೆ ಉರಿಸುತ್ತಿದ್ದ ಕಲ್ಲಿದ್ದಲೇ ಅದಕ್ಕೆ ಕಾರಣವಾಗಿತ್ತು. ಒಲೆಗೆ ಹೊಗೆಗೂಡು ಕಟ್ಟಿಸಿದ ಮನೆಗಳಲ್ಲಿ ರೋಗ ಗಣನೀಯವಾಗಿ ಇಳಿಯಿತು. ಅವರ ಡಿಎನ್‌ಎ ಬದಲಾಗಿರಲಿಲ್ಲ. ನಮ್ಮ ಹಳ್ಳಿಗಳ ಸೌದೆ ಒಲೆಯ ಹೊಗೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಬಹುಶಃ ಕ್ಯಾನ್ಸರ್‌ಕಾರಕವೆಂದು ಪಟ್ಟಿಮಾಡಿದೆ. ಗ್ಯಾಸ್ ಸಂಪರ್ಕವಿದ್ದೂ ನೀರು ಕಾಯಿಸಲು, ರೊಟ್ಟಿ ಬಡಿಯಲು ಕಿಟಕಿಯಿಲ್ಲದ ಕೋಣೆಯಲ್ಲಿ ಒಲೆ ಹೂಡುವ ಮನೆಗಳು ನಮ್ಮಲ್ಲಿ ಇನ್ನೂ ಎಷ್ಟೋ ಇವೆ. ಒಲೆಯ ಪಕ್ಕ ಕೂರುವವರಿಗೆ ಮನೆಯ ಗಂಡಸರು ಸೇದಿ ಬಿಟ್ಟ ಹೊಗೆಯೂ ಸೇರುತ್ತದೆ.

ಮೂರು ವಾರ ಮೀರಿದ ಕೆಮ್ಮು, ಕಫದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ಇವು ಕಂಡರೆ ಸೇದುವವರಾಗಲಿ ಸೇದದವರಾಗಲಿ ವೈದ್ಯರಲ್ಲಿಗೆ ಹೋಗಬೇಕು. ನಮ್ಮ ದೇಶದಲ್ಲಿ ಇಂಥ ರೋಗಿಗಳಿಗೆ ಕ್ಷಯವೆಂದು ಬಗೆದು ತಿಂಗಳುಗಟ್ಟಲೆ ಔಷಧಿ ಕೊಡುವುದುಂಟು. ಕಫದ ಪರೀಕ್ಷೆಯಲ್ಲಿ ಕ್ಷಯ ದೃಢಪಡದೆ, ಔಷಧಿಯಿಂದ ಗುಣವೂ ಕಾಣದಿದ್ದರೆ ಸಿಟಿ ಸ್ಕ್ಯಾನ್ ಬಗ್ಗೆ ಕೇಳಲು ಸಂಕೋಚಪಡಬೇಡಿ. ಜೀನಿನ ಹೆಸರಿರುವ ವರದಿ ಕೈಗೆ ಬಂದಾಗ, ಇದು ಗಡ್ಡೆಯ ಪರೀಕ್ಷೆಯೋ ಹುಟ್ಟಿನಿಂದ ಬಂದ ಜೀನಿನ ಪರೀಕ್ಷೆಯೋ ಎಂದು ವೈದ್ಯರನ್ನು ಕೇಳಿ, ಅವರ ಉತ್ತರವನ್ನು ಅದೇ ಹಾಳೆಯ ಮೇಲೆ ಬರೆಸಿಕೊಳ್ಳಿ. ಆ ಹಾಳೆಯನ್ನು ಮಗಳಿಗೂ ತೋರಿಸಿ.