ವಚನಕ್ಕೆ ಗಿಟಾರ್: ಮಾತು ಹಳೆಯದು, ಧಾಟಿ ಯಾರದು?

ನವೆಂಬರ್ ಹತ್ತಿರ ಬಂತೆಂದರೆ ಗಲ್ಫ್ ನಾಡಿನ ಕನ್ನಡ ಸಂಘಗಳಲ್ಲಿ ರಾಜ್ಯೋತ್ಸವದ ತಾಲೀಮು ಶುರು. ಹಾರ್ಮೋನಿಯಂ, ತಬಲಾ ಜೊತೆಗೆ ಈಗ ಗಿಟಾರ್, ಕಹೋನ್ ಕೂಡ ಬರುತ್ತವೆ. ವಚನ, ದಾಸರ ಪದಗಳನ್ನು ಜಾನಪದ ಬ್ಯಾಂಡಿನ ಹಾಗೆ ಹಾಡೋಣ ಅಂತ ಹುಡುಗರಿಗೆ ಆಸೆ. ಹೀಗೆ ಹಾಡಿದ್ರೆ ಮೂಲ ಕೆಡೋದಿಲ್ವಾ ಅಂತ ಹಿರಿಯರಿಗೆ ಅನುಮಾನ. ಹಾಗಾದರೆ ಮೂಲ ಅಂತ ಉಳಿದಿರುವುದಾದರೂ ಏನು?

ಉಳಿದಿರುವುದು ಮಾತು. 12ನೇ ಶತಮಾನದ ವಚನಗಳು ತಾಳೆಗರಿಗಳಲ್ಲಿ ಉಳಿದುಬಂದವು. ಫ.ಗು. ಹಳಕಟ್ಟಿಯವರು ಊರೂರು ತಿರುಗಿ ಅವುಗಳನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು. ಆದರೆ ಬಸವಣ್ಣನವರ ಕಾಲದಲ್ಲಿ ವಚನವನ್ನು ಯಾವ ಧಾಟಿಯಲ್ಲಿ ಹೇಳುತ್ತಿದ್ದರು ಅನ್ನುವುದಕ್ಕೆ ಸ್ವರಲಿಪಿ ಉಳಿದಿಲ್ಲ. ದಾಸರ ಪದಗಳ ಧಾಟಿಯೂ ಬಾಯಿಂದ ಬಾಯಿಗೆ ಬರುತ್ತಾ ಬದಲಾಗಿದೆ. ಮಲ್ಲಿಕಾರ್ಜುನ ಮನ್ಸೂರರು ವಚನಗಳನ್ನು ಹಿಂದುಸ್ತಾನಿ ರಾಗಗಳಲ್ಲಿ ಹಾಡಿ ಮನೆಮಾತಾಗಿಸಿದ್ದು 20ನೇ ಶತಮಾನದಲ್ಲಿ. ಹಳೆಯದು ಅಂತ ಕೇಳಿಸುವ ಧಾಟಿಗಳಲ್ಲಿ ಬಹಳಷ್ಟು ಈಚಿನವೇ.

ಹಾಗಾಗಿ ಗಿಟಾರ್ ಬಂದರೆ ತಪ್ಪೇನಿಲ್ಲ, ಮಾತು ಮುಳುಗಿದರೆ ಮಾತ್ರ ತಪ್ಪು.

ದಾಸರ ಪದಕ್ಕೆ ಪಲ್ಲವಿ, ಚರಣ ಇರುತ್ತವೆ. ತಾಳಕ್ಕೆ ಸುಲಭವಾಗಿ ಕೂರುತ್ತದೆ. ಸ್ವರವಚನಗಳನ್ನು ಬಿಟ್ಟರೆ ವಚನಗಳಿಗೆ ಆ ಕಟ್ಟು ಇಲ್ಲ. ಒಂದು ಸಾಲು ಉದ್ದ, ಇನ್ನೊಂದು ಗಿಡ್ಡ. ಮೊದಲೇ ಬೀಟ್ ಹಾಕ್ಕೊಂಡು ಅದರೊಳಗೆ ಸಾಲು ತುರುಕಿದರೆ ಪದ ನಡುವೆ ಮುರಿಯುತ್ತದೆ, ಅರ್ಥವೂ ಕೆಡುತ್ತದೆ. ಅದರ ಬದಲು ವಚನವನ್ನು ಮೊದಲು ಬರೀ ಮಾತಿನಂತೆ ಓದಿ, ಉಸಿರು ನಿಲ್ಲುವ ಕಡೆ ಗುರುತು ಹಾಕಿಕೊಳ್ಳಬೇಕು. ಆರಂಭದ ಸಾಲುಗಳನ್ನು ತಂಬೂರಿಯ ಶ್ರುತಿಗೆ ತಾಳವಿಲ್ಲದೆ ಹಾಡಿ, ಮತ್ತೆ ಮತ್ತೆ ಹೇಳುವ ಸಾಲಿಗೆ ಮಾತ್ರ ಕಹೋನ್, ದಮ್ಮಡಿ ಸೇರಿಸಬಹುದು. ಕೊನೆಯ ಅಂಕಿತಕ್ಕೆ, ಅಂದರೆ ಕೂಡಲಸಂಗಮದೇವ, ಚೆನ್ನಮಲ್ಲಿಕಾರ್ಜುನ ಮುಂತಾದ ಹೆಸರಿಗೆ, ವಾದ್ಯಗಳು ತಗ್ಗಲಿ. ವಚನ ಯಾರದು ಅಂತ ಕೇಳುಗರಿಗೆ ತಿಳಿಯುವುದು ಅಲ್ಲೇ.

ಗಂಡು, ಹೆಣ್ಣು ದನಿಗಳು ಒಟ್ಟಿಗೆ ಹಾಡುವಾಗ ಶ್ರುತಿಯ ತಕರಾರು ಬರುತ್ತದೆ. ಅದನ್ನು ತಾಲೀಮಿನ ಮೊದಲ ದಿನವೇ ನಿರ್ಧರಿಸಿಕೊಂಡರೆ ಒಳ್ಳೆಯದು. ಗಿಟಾರಿಗೆ ಕ್ಯಾಪೊ ಹಾಕಿದರೆ ಶ್ರುತಿ ಏರಿಸುವುದು ಸುಲಭ.

ಇನ್ನೊಂದು ಲೆಕ್ಕವೂ ಇದೆ. ವಚನದ ಮಾತಿಗೆ ಈಗ ಹಕ್ಕುಸ್ವಾಮ್ಯವಿಲ್ಲ. ಆದರೆ ಈಚಿನ ಸಂಗೀತ ನಿರ್ದೇಶಕರು ಹಾಕಿದ ಧಾಟಿಗೆ ಇದೆ. ಭಾರತದ ಕಾಯ್ದೆಯಂತೆ ಅದು ಅವರ ಜೀವಮಾನ, ಆಮೇಲೆ 60 ವರ್ಷ. ಧ್ವನಿಮುದ್ರಿಕೆಗೆ ಬಿಡುಗಡೆಯಾದ ಮೇಲೆ 60 ವರ್ಷ. ಕ್ಯಾಸೆಟ್ಟಿನ ಧಾಟಿಯನ್ನೇ ಹಾಡಿ ಯೂಟ್ಯೂಬಿಗೆ ಹಾಕಿದರೆ ಹಕ್ಕುದಾರರು ಆಕ್ಷೇಪಿಸಬಹುದು. ಅನುಮತಿ ಕೇಳಬೇಕು, ಇಲ್ಲವಾದರೆ ತಂಡವೇ ಹೊಸ ಧಾಟಿ ಕಟ್ಟಿಕೊಳ್ಳಬೇಕು. ಹೇಗಿದ್ದರೂ ಧಾಟಿ ಹಾಕಿದವರ ಹೆಸರನ್ನು ವೇದಿಕೆಯಲ್ಲಿ ಹೇಳುವುದು ಮರ್ಯಾದೆ.

ಇಲ್ಲಿ ಬೆಳೆಯುವ ಎಷ್ಟೋ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಅವರಿಗೆ ವಚನ ಕಿವಿಯಿಂದಲೇ ತಲುಪಬೇಕು. ಅದಕ್ಕೇ ತಾಲೀಮಿನಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಬಹುದು: ಅಂಥ ಒಂದು ಮಗುವನ್ನು ಹಿಂದಿನ ಸಾಲಿನಲ್ಲಿ ಕೂರಿಸಿ, ಕೇಳಿಸಿದ್ದನ್ನು ಹಾಗೇ ಹೇಳು ಅನ್ನಿ. ಮಗು ತಡವರಿಸಿದ ಕಡೆ ವಾದ್ಯದ ಸದ್ದು ಇಳಿಸಿದರಾಯಿತು.